ಕಕ್ಕಡ ಒಂಬತ್ತರ ಸೊಪ್ಪು

ಮೈಸೂರು
2 ಜುಲೈ 2024

ನೀಲಾವತಿ ಅಕ್ಕನಿಗೆ,

ನಾನು ತೇಜಸ್ವಿನಿ. ಎರಡು ವರ್ಷದ ಹಿಂದೆ ಮಾಕುಟ್ಟಕ್ಕೆ ಬಂದು, ನಿಮ್ಮ ಎಸ್ಟೇಟಿನ ಲೈನ್ ಮನೆಯ ಜಗಲಿಯಲ್ಲಿ ಕೂತು, ಪಕ್ಕದ ಮನೆಯ ದೊಡ್ಡಿ ಅಜ್ಜಿಯಿಂದ ಮದ್ದು ಸೊಪ್ಪಿನ ವಿಷಯ ಕೇಳಿ ಬರೆದುಕೊಂಡು ಹೋದವಳು. ನೀವು ಕರಿ ಕಾಫಿ ಕೊಟ್ಟು, ಲೋಟ ಸುಡುತ್ತದೆ ಎಂದು ಮೂರು ಸಲ ಎಚ್ಚರಿಸಿದ್ದಿರಿ.

ಈಗ ಒಂದು ಉಪಕಾರ ಆಗಬೇಕು. ಜುಲೈ ಮಧ್ಯದಲ್ಲಿ ಶುರುವಾಗುವ ಕೊಡಗಿನ ಕಕ್ಕಡ ತಿಂಗಳಲ್ಲಿ ಆ ಮದ್ದು ಸೊಪ್ಪಿನ ಗಿಡಕ್ಕೆ ದಿನಕ್ಕೊಂದು ಮದ್ದು ಸೇರುತ್ತದೆ, ಹದಿನೆಂಟನೇ ದಿನ ಹದಿನೆಂಟೂ ತುಂಬುತ್ತದೆ, ಆವತ್ತು ಕುದಿಸಿದರೆ ಮಾತ್ರ ನೇರಳೆ ಬಣ್ಣ ಗಾಢವಾಗಿ ಬಿಡುತ್ತದೆ ಎಂದು ನಿಮ್ಮ ಕಡೆ ಹೇಳುತ್ತಾರೆ. ನಮ್ಮದು ಹಾಸನದಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆ, ನಮ್ಮಲ್ಲಿ ಈ ಲೆಕ್ಕವಿಲ್ಲ. ಅದು ನಿಜವೋ ಎಂದು ಎಲೆಯನ್ನೇ ಕೇಳಬೇಕೆಂದಿದ್ದೇನೆ. ಎಲೆಯನ್ನು ಕೂದಲಿನಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ, ರಸ ತೆಗೆದು ಅದರೊಳಗಿನ ಬಣ್ಣಗಳನ್ನು ಬೇರ್ಪಡಿಸಿ ಅಳೆಯುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಕಕ್ಕಡ ಒಂದರಿಂದ ಹದಿನೆಂಟರವರೆಗೆ, ಪ್ರತಿ ಬೆಳಿಗ್ಗೆ, ದೊಡ್ಡಿ ಅಜ್ಜಿ ಹೇಳುತ್ತಿದ್ದ ಕಾಡಿನೊಳಗೆ ಹರಿಯುವ ಆ ತೋಡಿನ ಪಕ್ಕದ ಜಾಗದಿಂದಲೇ ಹತ್ತು ಎಲೆ ಕಿತ್ತು ಪೇಪರಿನ ನಡುವೆ ಒಣಗಿಸಿ. ಪ್ರತಿ ಪೊಟ್ಟಣದಲ್ಲೂ ತಾರೀಕು ಮತ್ತು ಕಿತ್ತವರ ಹೆಸರಿನ ಚೀಟಿ ಇರಲಿ. ಹದಿನೆಂಟು ಕಳೆದ ಮೇಲೆ ಒಟ್ಟಿಗೆ ಕಳಿಸಿ. ನಿಮ್ಮಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂದು ಗೊತ್ತು, ಕಾಗದವನ್ನೇ ಬರೆಯಿರಿ. ಅದನ್ನು ಲ್ಯಾಬಿನ ರಿಜಿಸ್ಟರಿಗೆ ಅಂಟಿಸಬೇಕು.

ಹೋದ ವರ್ಷ ಬೇರೆ ಕಡೆಯಿಂದ ತರಿಸಿದ ಎಲೆ ಬೂಷ್ಟು ಹಿಡಿದು ಹಾಳಾಯಿತು. ಇದು ನನ್ನ ಪಿಎಚ್‌ಡಿಯ ಮೂರನೇ ವರ್ಷ. ಜನವರಿಯ ಸೆಮಿನಾರಿನಲ್ಲಿ ತೋರಿಸಲು ಏನೂ ಇಲ್ಲದಿದ್ದರೆ ಈ ವಿಷಯವನ್ನೇ ಮುಚ್ಚುತ್ತೇನೆ ಎಂದಿದ್ದಾರೆ ನಮ್ಮ ಗೈಡ್. ಎಲ್ಲ ನಿಮ್ಮ ಕೈಯಲ್ಲಿದೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ತೇಜಸ್ವಿನಿ


ಮಾಕುಟ್ಟ
9 ಜುಲೈ 2024

ತೇಜಸ್ವಿನಿ ಮೇಡಂ ಅವರಿಗೆ ನೀಲಾವತಿ ಮಾಡುವ ನಮಸ್ಕಾರಗಳು.

ಕಾಗದ ಬಂತು. ಸರಕಾರದ ಕಾಗದವೋ ಎಂದು ಒಂದು ದಿನ ಒಡೆಯದೇ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. ನಾನು ಓದಿದ್ದು ಆರನೇ ಕ್ಲಾಸಿನವರೆಗೆ, ಅದೂ ಅಪ್ಪ ಎಸ್ಟೇಟ್ ಬದಲಿಸಿದ ಹಾಗೆಲ್ಲ ನಿಂತು ನಿಂತು. ತಪ್ಪಿದ್ದರೆ ತಿದ್ದಿಕೊಳ್ಳಿ. ರಿಜಿಸ್ಟರಿಗೆ ಅಂಟಿಸುವುದಾದರೆ ಬೇರೆಯವರಿಂದ ಬರೆಸಲೇ?

ದೊಡ್ಡಿಗೆ ನಿಮ್ಮ ನಮಸ್ಕಾರ ಹೇಳಲು ಆಗುವುದಿಲ್ಲ ಮೇಡಂ. ಅವಳು ಹೋದ ವರ್ಷ ತೀರಿಹೋದಳು. ಕಕ್ಕಡ ಒಂಬತ್ತಕ್ಕೆ. ಸೊಪ್ಪು ಹೇಗೆ ಬಂದಿದೆ ನೋಡಿ ಬರುತ್ತೇನೆ ಎಂದು ಆ ತೋಡಿನ ಜಾಗಕ್ಕೇ ಹೋದವಳು ವಾಪಸ್ ಬರಲಿಲ್ಲ. ಎರಡು ದಿನದ ಮೇಲೆ ಫಾರೆಸ್ಟಿನವರಿಗೆ ಸಿಕ್ಕಿದಳು. ಆನೆ ಅಲ್ಲ, ಗಾಯ ಇರಲಿಲ್ಲ. ನೀರಿನ ಪಕ್ಕ ಕೂತ ಹಾಗೇ ಇದ್ದಳಂತೆ.

ಅಲ್ಲಿಗೆ ಇಲ್ಲಿಂದ ಒಂದು ಗಂಟೆ ದಾರಿ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ದೊಡ್ಡಿ ಹೋದ ಮೇಲೆ ನಾನು ಆ ಕಡೆ ಕಾಲಿಟ್ಟಿಲ್ಲ. ಹೆದರಿಕೆ ಎಂದರೆ ನೀವು ನಗಬಹುದು. ಆದರೆ ನಿಮ್ಮ ಓದು ನಿಲ್ಲುತ್ತದೆ ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಹೋಗುತ್ತೇನೆ. ಚೆಕ್‌ಪೋಸ್ಟ್ ಹತ್ತಿರ ಚಹಾ ಅಂಗಡಿ ಇಟ್ಟಿರುವ ಲೋಕೇಶಣ್ಣ ಪೋಸ್ಟಿಗೆ ಹಾಕಿಸುತ್ತೇನೆ ಎಂದಿದ್ದಾರೆ.

ಹತ್ತು ಎಲೆ ಎಂದರೆ ದೊಡ್ಡದೋ ಚಿಕ್ಕದೋ? ಹುಳ ತಿಂದದ್ದು ಆಗುತ್ತದೋ?

ಇಂತಿ
ನೀಲಾವತಿ


ಮಾಕುಟ್ಟ
27 ಜುಲೈ 2024

ಮೇಡಂ ಅವರಿಗೆ,

ನೀವು ಕೇಳಲಿಲ್ಲ, ಆದರೂ ಬರೆಯುತ್ತಿದ್ದೇನೆ. ಎಲ್ಲ ಸರಿಯಾಗಿ ನಡೆದಿದೆ. ದಿನಾ ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ, ಏಳಕ್ಕೆ ಮೊದಲೇ ಬಂದು ಎಸ್ಟೇಟ್ ಕೆಲಸದವರ ಮಕ್ಕಳಿಗೆ ಗಂಜಿ ಬೇಯಿಸಲು ಇಡುತ್ತೇನೆ. ಒಂದು ದಿನವೂ ತಪ್ಪಿಸಿಲ್ಲ. ಮಳೆಯಲ್ಲೂ ತಪ್ಪಿಸಿಲ್ಲ. ಒಂಬತ್ತನೇ ದಿನದ್ದೂ ಕಿತ್ತೆ. ಆವತ್ತು ಏನೂ ಆಗಲಿಲ್ಲ. ತೋಡಿನಲ್ಲಿ ನೀರು ಕೆಂಪಗೆ ಹರಿಯುತ್ತಿತ್ತು, ಅಷ್ಟೇ.

ನೀವು ಯಾರನ್ನಾದರೂ ಕಳಿಸಿ ನೋಡಿಸುವುದು ಬೇಡ. ದಾರಿ ಜಾರುತ್ತದೆ.

ನೀಲಾವತಿ


ಮಾಕುಟ್ಟ
6 ಆಗಸ್ಟ್ 2024

ಮೇಡಂ ಅವರಿಗೆ,

ಹದಿನೆಂಟು ಪೊಟ್ಟಣ ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಇಟ್ಟಿದ್ದೇನೆ. ಏಳು ಸಲ ಎಣಿಸಿದೆ. ಎಲ್ಲದರಲ್ಲೂ ಚೀಟಿ ಉಂಟು, ನನ್ನ ಹೆಸರು ಉಂಟು. ಎಲೆಯೆಲ್ಲ ಒಳ್ಳೆಯ ಎಲೆ. ಇದಕ್ಕಿಂತ ಒಳ್ಳೆಯ ಎಲೆ ನಿಮಗೆ ಯಾರೂ ಕಳಿಸಲಾರರು, ಅದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಡಬ್ಬ ಲೋಕೇಶಣ್ಣನ ಬೆಂಚಿನ ಮೇಲೆ ಇಟ್ಟು, ಬಸ್ಸಿಗೆ ಹಾಕುವವರೆಗೂ ಅಲ್ಲೇ ನಿಲ್ಲಬೇಕೆಂದಿದ್ದೆ. ಗಂಜಿಯ ಹೊತ್ತಾಯಿತು. ತಲುಪಿದ ಕೂಡಲೇ ಒಂದು ಸಾಲು ಹಾಕಿ.

ನೀಲಾವತಿ


ಮೈಸೂರು
24 ಆಗಸ್ಟ್ 2024

ಪ್ರೀತಿಯ ನೀಲಕ್ಕ,

ತಲುಪಿದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಅಕ್ಷರ ನಮ್ಮ ಗೈಡ್ ಅಕ್ಷರಕ್ಕಿಂತ ಚೆಂದ ಇದೆ.

ಏಳು ಸಲ ಎಣಿಸಿಯೂ ತಪ್ಪಿದ್ದೀರಿ. ಡಬ್ಬದಲ್ಲಿ ಹತ್ತೊಂಬತ್ತು ಪೊಟ್ಟಣ ಇತ್ತು. ಹತ್ತೊಂಬತ್ತನೆಯದಕ್ಕೆ ಚೀಟಿ ಇಲ್ಲ, ಬಾಳೆಯೆಲೆಯಲ್ಲಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದೆ. ನಾರಿಗೆ ಒಂಬತ್ತು ಗಂಟು. ದೊಡ್ಡಿ ಅಜ್ಜಿಗೆ ಅಕ್ಷರ ಬಾರದ್ದರಿಂದ ಗಂಟು ಹಾಕಿ ದಿನ ಗುರುತಿಡುತ್ತಿದ್ದರು ಎಂದು ನನ್ನ ನೋಟ್‌ಬುಕ್ಕಿನಲ್ಲಿದೆ. ನೀವು ಅದನ್ನು ಉಳಿಸಿಕೊಂಡಿರುವುದು ನೋಡಿ ಸಂತೋಷವಾಯಿತು. ಒಂಬತ್ತನೇ ದಿನದ್ದನ್ನು ಎರಡು ಸಲ ಕಿತ್ತಿರಾ?

ಒಂದು ವಿಚಿತ್ರ. ಎಲೆಯ ಕೆಳಮೈಯಲ್ಲಿ ಉಸಿರಾಡುವ ಸಣ್ಣ ಬಾಯಿಗಳಿರುತ್ತವೆ. ಒಣಗಿದ ಎಲೆಯಲ್ಲಿ ಅವು ಮುಚ್ಚಿ ಸುಕ್ಕಾಗಿರುತ್ತವೆ. ನಿಮ್ಮ ಹದಿನೆಂಟರಲ್ಲೂ ಹಾಗೆಯೇ. ಗಂಟಿನ ಪೊಟ್ಟಣದ ಎಲೆಯನ್ನು ಕೊಯ್ದು ಗಾಜಿನ ಮೇಲಿಟ್ಟಾಗ ಎಲ್ಲ ಬಾಯಿಗಳೂ ತೆರೆದಿದ್ದವು. ನಾನು ನೋಡುತ್ತಿದ್ದ ಹಾಗೆ ಒಂದೊಂದಾಗಿ ಮುಚ್ಚಿಕೊಂಡವು. ಆಗ ತಾನೇ ಗಿಡದಿಂದ ಬಂದ ಎಲೆ ಮಾತ್ರ ಹಾಗೆ ಮಾಡುತ್ತದೆ. ನೀವು ಬಾಳೆಯೆಲೆಯಲ್ಲಿ ಸುತ್ತಿದ್ದಕ್ಕೆ ಹಸಿಯಾಗಿ ಉಳಿಯಿತೇನೋ. ಹೇಗೆ ಮಾಡಿದಿರಿ, ಬರೆಯಿರಿ.

ತೇಜು


ಮಾಕುಟ್ಟ
30 ಆಗಸ್ಟ್ 2024

ಮೇಡಂ,

ಗಂಟು ಎಣಿಸಿದ್ದು ಸರಿಯೇ? ಇನ್ನೊಮ್ಮೆ ಎಣಿಸಿ. ನಾರನ್ನು ಎಡಕ್ಕೆ ಹೊಸೆದಿದೆಯೋ ಬಲಕ್ಕೋ ನೋಡಿ ಬರೆಯಿರಿ. ದೊಡ್ಡಿ ಎಡಗೈಯವಳು.

ಅದನ್ನು ನೀವಿರುವ ರೂಮಿನಲ್ಲಿ ಇಟ್ಟುಕೊಳ್ಳಬೇಡಿ. ಕುದಿಸಬೇಡಿ. ಬಾಯಿಗಂತೂ ಹಾಕಬೇಡಿ. ನನಗೆ ಹುಷಾರಿಲ್ಲ, ಹೆಚ್ಚು ಬರೆಯಲಾರೆ.

ನೀಲಾವತಿ


ಮೈಸೂರು
26 ಸೆಪ್ಟೆಂಬರ್ 2024

ಪ್ರೀತಿಯ ನೀಲಕ್ಕ,

ಹುಷಾರಾದಿರಾ? ನಾರು ಎಡಕ್ಕೇ ಹೊಸೆದಿದೆ. ಅಜ್ಜಿಯ ಕೈಯನ್ನು ಅಷ್ಟು ಚೆನ್ನಾಗಿ ಕಲಿತಿದ್ದೀರಿ ಎಂದಾಯಿತು.

ಫಲಿತಾಂಶ ಬಂದಿದೆ. ಹದಿನೆಂಟು ಪೊಟ್ಟಣದ ಎಲೆಗೂ ಒಂದೇ ಬಣ್ಣ, ಒಂದೇ ಅಳತೆ. ಒಂದನೇ ದಿನದ್ದೂ ಹದಿನೆಂಟನೇ ದಿನದ್ದೂ ಅಕ್ಕ ತಂಗಿಯರ ಹಾಗೆ. ಅಂದರೆ ದಿನಕ್ಕೊಂದು ಮದ್ದು ಸೇರುತ್ತದೆ ಎನ್ನುವುದು ಬರೀ ನಂಬಿಕೆ. ಮೊದಲು ಬೇಸರವಾಯಿತು. ಗೈಡ್ ಮಾತ್ರ ಖುಷಿಯಾಗಿದ್ದಾರೆ: ಇಲ್ಲ ಎಂದು ಖಚಿತವಾಗಿ ತೋರಿಸುವುದೂ ಕೆಲಸವೇ, ಜನವರಿಯಲ್ಲಿ ಅದನ್ನೇ ಹೇಳು, ಆಮೇಲೆ ಅಚ್ಚಿಗೆ ಕೊಡೋಣ ಎಂದರು. ನನ್ನ ಓದು ಉಳಿಯಿತು ನೀಲಕ್ಕ, ನಿಮ್ಮಿಂದ.

ಆದರೆ ಗಂಟಿನ ಪೊಟ್ಟಣ ಕಳಿಸುವುದನ್ನು ನಿಲ್ಲಿಸಿ. ಈ ತಿಂಗಳು ಒಂದರ ಹಿಂದೆ ಒಂದು ಬರುತ್ತಲೇ ಇದೆ. ಒಂದು ಗಂಟು, ಎರಡು ಗಂಟು, ಹೀಗೆ ಹದಿನೆಂಟರವರೆಗೆ. ಒಂಬತ್ತು ಮಾತ್ರ ಮೊದಲೇ ಬಂದಿತ್ತಲ್ಲ. ಚೀಟಿ ಇಲ್ಲದ್ದನ್ನು ನಾನು ಬಳಸುವ ಹಾಗಿಲ್ಲ, ಕಪಾಟಿನಲ್ಲಿ ಹಾಗೇ ಇಟ್ಟಿದ್ದೇನೆ. ಕೆಳಗಿನ ಖಾನೆ ದಿನಾ ಒದ್ದೆಯಾಗಿರುತ್ತದೆ. ಲ್ಯಾಬ್ ಗುಡಿಸುವ ಶಿವಮ್ಮ ನಿನ್ನೆ ಅದನ್ನು ಒರೆಸಿ, ಬಟ್ಟೆ ಹಿಂಡುತ್ತ, "ಯಾರೋ ಈಗ್ತಾನೆ ಇದ್ರೊಳಗೆ ಕೈ ತೊಳ್ಕೊಂಡು ಹೋದಂಗೈತೆ ಕಣವ್ವ" ಎಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಆ ಕಡೆ ಗುಡಿಸಲಿಲ್ಲ.

ತೇಜು


ಮಾಕುಟ್ಟ
3 ಅಕ್ಟೋಬರ್ 2024

ತೇಜಸ್ವಿನಿ ಮೇಡಂ,

ಇದನ್ನು ರಿಜಿಸ್ಟರಿಗೆ ಅಂಟಿಸಿದರೂ ಸರಿ, ಪೊಲೀಸಿಗೆ ಕೊಟ್ಟರೂ ಸರಿ.

ನಾನು ತೋಡಿಗೆ ಹೋಗಲಿಲ್ಲ. ಒಂದು ದಿನವೂ ಹೋಗಲಿಲ್ಲ. ಹದಿನೆಂಟನೇ ದಿನ ರಸ್ತೆ ಬದಿಯಲ್ಲಿ ಎಲ್ಲರೂ ಮದ್ದು ಸೊಪ್ಪು ಕೀಳುತ್ತಾರಲ್ಲ, ಅವರ ನಡುವೆ ನಿಂತು ನೂರೆಂಬತ್ತು ಎಲೆ ಕಿತ್ತೆ. ಮನೆಗೆ ಬಂದು ಹದಿನೆಂಟು ಮಾಡಿ ಚೀಟಿ ಬರೆದೆ. ಹೆದರಿಕೆಯಿಂದ ಮಾಡಿದೆ. ಇನ್ನೊಂದು ಮಾತೂ ಉಂಟು, ನೀವು ನಂಬಬೇಕು. ಹದಿನೆಂಟಕ್ಕೆ ಮೊದಲು ಕಿತ್ತದ್ದು ನಮ್ಮಲ್ಲಿ ಬರೀ ಸೊಪ್ಪು, ದನಕ್ಕೆ ಹಾಕುವಂಥದ್ದು. ಅಂಥದ್ದನ್ನು ಅಷ್ಟು ಓದಿದವರಿಗೆ ಹೇಗೆ ಕಳಿಸುವುದು, ಹದಿನೆಂಟು ಪೊಟ್ಟಣದಲ್ಲೂ ಪೂರ್ತಿ ಮದ್ದೇ ಇರಲಿ, ನಿಮಗೆ ಒಳ್ಳೆಯದಾಗಲಿ ಎಂದುಕೊಂಡೆ. ಮದ್ದು ಕಮ್ಮಿಯಿರುವ ಎಲೆಯೂ ನಿಮಗೆ ಬೇಕಾಗಿತ್ತು ಎನ್ನುವುದು ಈಗ ನಿಮ್ಮ ಕಾಗದ ಓದಿದ ಮೇಲೆ ತಲೆಗೆ ಹೋಯಿತು.

ಹಾಗಾಗಿ ನಂಬಿಕೆ ಸುಳ್ಳಲ್ಲ ಮೇಡಂ. ಸುಳ್ಳು ನಾನು. ದಯಮಾಡಿ ಅದನ್ನು ಅಚ್ಚು ಹಾಕಿಸಬೇಡಿ.

ಗಂಟಿನ ಪೊಟ್ಟಣ ನಾನು ಕಟ್ಟಿದ್ದಲ್ಲ. ಒಂದನ್ನೂ ಕಟ್ಟಿಲ್ಲ. ನಿಮ್ಮ ಕಾಗದ ಹಿಡಿದುಕೊಂಡು ಲೋಕೇಶಣ್ಣನ ಅಂಗಡಿಗೆ ಓಡಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಬೆಂಚಿನ ಮೇಲೆ ಪೊಟ್ಟಣ ಇರುತ್ತಿತ್ತಂತೆ. ಮೊದಲನೆಯದನ್ನು ನನ್ನ ಡಬ್ಬದೊಳಗೇ ಸೇರಿಸಿ ಕಟ್ಟಿದರಂತೆ, ಆಮೇಲಿನದ್ದಕ್ಕೆಲ್ಲ ಡಬ್ಬದ ಮೇಲಿದ್ದ ವಿಳಾಸವನ್ನೇ ಬರೆದು ಕಳಿಸಿದರಂತೆ. "ನೀ ಇಟ್ಟದ್ದು ಅಂತ ನಾ ಬಸ್ಸಿಗೆ ಹಾಕಿದ್ದು ಮಾರಾಯ್ತಿ. ಇಲ್ಲಿ ಸೊಪ್ಪು ಕಟ್ಟಿ ಇಡ್ಲಿಕ್ಕೆ ಬೇರೆ ಯಾರುಂಟು, ಆನೆಯಾ?" ಎಂದರು. ನನ್ನ ಮುಖ ನೋಡಿ ಬೆಂಚು ಒರೆಸತೊಡಗಿದರು. ಪೊಟ್ಟಣ ಇರುತ್ತಿದ್ದ ಮೂಲೆ ಒರೆಸಿದಷ್ಟೂ ಒದ್ದೆಯಾಗುತ್ತದೆ ಎಂದು ಆಮೇಲೆ ತಾವಾಗಿಯೇ ಹೇಳಿದರು. ಮಳೆ ನಿಂತು ವಾರವಾಗಿತ್ತು.

ಇದೊಂದನ್ನು ಯಾರಿಗೂ ಹೇಳಿಲ್ಲ. ಹೋದ ವರ್ಷ ಒಂಬತ್ತನೇ ದಿನ ದೊಡ್ಡಿ ನನ್ನ ಬಾಗಿಲಿಗೆ ಬಂದಿದ್ದಳು. ಪ್ರತಿ ವರ್ಷ ನಾನು ಜೊತೆಗೆ ಹೋಗುತ್ತಿದ್ದೆ, ಅವಳಿಗೆ ಕಣ್ಣು ಮಂಜು. ಆವತ್ತು ಆನೆ ಇಳಿದಿದೆ ಎಂದು ಯಾರೋ ಹೇಳಿದ್ದರು. ನಾನು ಒಳಗೇ ಮಲಗಿ ತಲೆನೋವು ಎಂದೆ. ಅವಳಿಗೆ ಗೊತ್ತಾಯಿತು. "ನೀ ಹೆದರಿ ಹೆದರಿಯೇ ಮುದುಕಿ ಆಗ್ತಿ ನೋಡು. ನಾ ನಿಧಾನಕ್ಕೆ ಹೋಗ್ತಿರ್ತೇನೆ, ನೋವು ಬಿಟ್ಟ ಮೇಲೆ ಹಿಂದಿನಿಂದ ಬಾ" ಎಂದಳು. ನಾನು ಹೋಗಲಿಲ್ಲ.

ನೀಲಾವತಿ


ಮೈಸೂರು
21 ಅಕ್ಟೋಬರ್ 2024

ಶ್ರೀಮತಿ ನೀಲಾವತಿಯವರಿಗೆ,

ನಿಮ್ಮ ಪತ್ರ ತಲುಪಿತು. ನಾನು ಮೂರು ವರ್ಷ ಕಳೆದುಕೊಂಡೆ ಎನ್ನುವುದು ನಿಮಗೆ ಅರ್ಥವಾಗಿದೆ ಎಂದು ಭಾವಿಸುತ್ತೇನೆ. ಉಳಿದ ಕಥೆಯನ್ನು ನಾನು ನಂಬುವುದಿಲ್ಲ. ಯಾರೋ ತೋಡಿಗೆ ಹೋಗಿ ಕಿತ್ತಿದ್ದಾರೆ. ಯಾರೆಂದು ನಿಮಗೆ ಗೊತ್ತಿದೆ, ಹೇಳುತ್ತಿಲ್ಲ.

ಏಕೆಂದರೆ ನಾನು ಆ ಪೊಟ್ಟಣಗಳನ್ನು ಪರೀಕ್ಷಿಸಿದೆ. ಒಂದು ಗಂಟಿನದ್ದರಲ್ಲಿ ಬಣ್ಣವೇ ಇಲ್ಲ. ಎರಡರಲ್ಲಿ ಬಣ್ಣದ ಒಂದು ಗೆರೆ. ಮೂರರಲ್ಲಿ ಸ್ವಲ್ಪ ಹೆಚ್ಚು. ಮೆಟ್ಟಿಲು ಹತ್ತಿದ ಹಾಗೆ ಹದಿನೆಂಟರವರೆಗೆ ಏರುತ್ತದೆ. ಇಷ್ಟು ಶುದ್ಧವಾದ ಸಾಲನ್ನು ನಾನು ಪುಸ್ತಕದಲ್ಲೂ ನೋಡಿಲ್ಲ. ಕಕ್ಕಡದ ಮೊದಲ ದಿನದ ಎಳೆ ಎಲೆ ಸೆಪ್ಟೆಂಬರಿನಲ್ಲಿ ಎಲ್ಲಿಂದ ಬಂತು ಎಂದು ನಾನು ಕೇಳುವುದಿಲ್ಲ.

ಹದಿನೆಂಟು ಫಾರಂ ಇದರೊಂದಿಗಿದೆ. 'ಸಂಗ್ರಹಿಸಿದವರು' ಎಂಬಲ್ಲಿ ಸಹಿ ಮಾಡಿ ಕಳಿಸಿ. ಒಂದು ಹೆಸರಿದ್ದರೆ ಸಾಕು, ಈ ಎಲೆ ಪುರಾವೆಯಾಗಿ ನಿಲ್ಲುತ್ತದೆ. ನೀವು ನನಗೆ ಅಷ್ಟಾದರೂ ಮಾಡಬೇಕು. ನವೆಂಬರ್ ಮುಗಿಯುವುದರೊಳಗೆ ಬೇಕು.

ತೇಜಸ್ವಿನಿ ಕೃಷ್ಣಪ್ಪ


ಮಾಕುಟ್ಟ
18 ನವೆಂಬರ್ 2024

ಮೇಡಂ ಅವರಿಗೆ,

ಫಾರಂ ವಾಪಸ್ ಕಳಿಸುತ್ತಿದ್ದೇನೆ. ಸಹಿ ಮಾಡಿಲ್ಲ. ಪೆನ್ನು ಹಿಡಿದು ಮೂರು ದಿನ ಕೂತೆ. ನಾನು ಕೀಳದ ಎಲೆಗೆ ನನ್ನ ಹೆಸರು ಒಂದು ಸಲ ಬರೆದಾಗಿದೆ, ಇನ್ನೊಂದು ಸಲ ಬರೆದರೆ ನನ್ನ ಕೈ ನನ್ನದಾಗಿ ಉಳಿಯುವುದಿಲ್ಲ. ನಿಮ್ಮ ಓದು ನನ್ನಿಂದ ಹೋಗುತ್ತದೆ ಎಂದು ಗೊತ್ತುಂಟು. ಅನ್ನ ಸೇರುವುದಿಲ್ಲ.

ಸಹಿ ಮಾಡುವುದೋ ಬಿಡುವುದೋ ತಿಳಿಯದೆ ಮೊನ್ನೆ ತೋಡಿಗೆ ಹೋದೆ. ಹೌದು, ನಾನೇ, ಒಬ್ಬಳೇ, ಬೆಳಿಗ್ಗೆ ಎಂಟು ಗಂಟೆಗೆ. ಯಾರಾದರೂ ಬೇರೆಯವರು ಕಿತ್ತದ್ದಾದರೆ ಗುರುತು ಇರುತ್ತದೆ, ಅವರ ಹೆಸರು ನಿಮಗೆ ಬರೆದು ಕಳಿಸುತ್ತೇನೆ ಎಂದುಕೊಂಡು ಹೋದೆ.

ಒಂದು ವರ್ಷಕ್ಕೂ ಮೇಲೆ ಯಾರೂ ನಡೆಯದ ದಾರಿ. ಕಾಡು ಮುಚ್ಚಿರಬೇಕಿತ್ತು. ಒಬ್ಬರು ನಡೆಯುವಷ್ಟು ಅಗಲಕ್ಕೆ ಹುಲ್ಲು ಮಲಗಿತ್ತು. ತೋಡಿನ ಪಕ್ಕ ಗಿಡ ಎಣಿಸಿದೆ. ಹದಿನೆಂಟು ಗಿಡದಲ್ಲಿ ಮಾತ್ರ ಎಲೆ ಕಿತ್ತಿತ್ತು, ಒಂದೊಂದರಲ್ಲಿ ಹತ್ತು, ತಪ್ಪಿಲ್ಲದೆ. ಕಿತ್ತ ಜಾಗ ಮುಟ್ಟಿದರೆ ಬೆರಳಿಗೆ ಹಸಿ ಹತ್ತಿತು. ಮೇಡಂ, ಆ ಎಲೆ ನಿಮಗೆ ತಲುಪಿ ಎರಡು ತಿಂಗಳಾಯಿತು.

ಗಂಟಿನ ಎಲೆಗೆ ಯಾರ ಹೆಸರು ಬರೆಯಬೇಕೋ ಅವರ ಹೆಸರು ನಿಮಗೂ ಗೊತ್ತುಂಟು. ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು.

ನೀಲಾವತಿ


ಮೈಸೂರು
31 ಜನವರಿ 2025

ನೀಲಕ್ಕ,

ಎರಡು ತಿಂಗಳು ನಿಮಗೆ ಬರೆಯಲಿಲ್ಲ. ಬರೆಯದೆ ಏನು ಮಾಡುತ್ತಿದ್ದೆ ಎಂದರೆ, ನಿಮ್ಮ ಸಹಿಯನ್ನು ಅಭ್ಯಾಸ ಮಾಡುತ್ತಿದ್ದೆ. ನಿಮ್ಮ ಕಾಗದಗಳೆಲ್ಲ ನನ್ನ ಹತ್ತಿರವೇ ಇದ್ದವಲ್ಲ. ಹದಿನೆಂಟು ಫಾರಂ ತುಂಬಿಸಿದೆ. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಸೆಮಿನಾರಿನ ದಿನ ಬೆಳಿಗ್ಗೆ ಅವನ್ನು ತೆಗೆದುಕೊಳ್ಳಲು ಕಪಾಟು ತೆರೆದೆ. ಹದಿನೆಂಟರಲ್ಲೂ ನಾನು ಬರೆದ ನಿಮ್ಮ ಹೆಸರಿನ ಜಾಗ ಮಾತ್ರ ಒದ್ದೆಯಾಗಿತ್ತು. ಶಾಯಿ ಹರಡಿರಲಿಲ್ಲ. ಇರಲೇ ಇಲ್ಲ. ಮೇಲಿನ ಸಾಲು, ತಾರೀಕು, ಊರು ಎಲ್ಲ ಇದ್ದಂತೆಯೇ ಇದ್ದವು. ಕಾಗದದಿಂದ ನೀರಿನ ದಡದ ಮಣ್ಣಿನ ವಾಸನೆ ಬಂತು. ಫಾರಂಗಳನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹೊರಟೆ.

ವೇದಿಕೆಯ ಮೇಲೆ ನಿಂತು ಇದ್ದದ್ದನ್ನು ಹೇಳಿದೆ. ಚೀಟಿ ಇರುವ ಎಲೆ ಒಂದೇ ದಿನದ್ದು, ಅದರಿಂದ ಏನನ್ನೂ ಹೇಳಲಾಗದು. ಚೀಟಿ ಇಲ್ಲದ ಎಲೆ ಎಲ್ಲವನ್ನೂ ಹೇಳುತ್ತದೆ, ಆದರೆ ಅದನ್ನು ಕಿತ್ತವರನ್ನು ನಾನು ತೋರಿಸಲಾರೆ. ಎರಡನ್ನೂ ಹಿಂದಕ್ಕೆ ಪಡೆಯುತ್ತೇನೆ. ಗೈಡ್ ಆಮೇಲೆ ರೂಮಿಗೆ ಕರೆದು, ಇನ್ನೊಂದು ಕಕ್ಕಡ ಕೊಡುತ್ತೇನೆ, ಅದೇ ಕೊನೆ, ಆದರೆ ನೀನೇ ನಿಂತು ಕೀಳಬೇಕು ಎಂದರು.

ಜುಲೈ ಹದಿನಾರಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಹದಿನೆಂಟು ದಿನ ಇರಲು ಬಿಡುತ್ತೀರಾ? ತೋಡಿನ ದಾರಿ ನನಗೆ ಗೊತ್ತಿಲ್ಲ. ಜೊತೆಗೆ ಬರುತ್ತೀರಾ? ನನಗೂ ಈಗ ಹೆದರಿಕೆ.

ತೇಜು


ಮಾಕುಟ್ಟ
8 ಫೆಬ್ರವರಿ 2025

ತೇಜುಗೆ,

ಮೇಡಂ ಎಂದು ಬರೆದು ಹೊಡೆದು ಹಾಕಿದೆ, ತಪ್ಪು ತಿಳಿಯಬೇಡ.

ಬಾ. ಚಾಪೆ ಉಂಟು, ಕಂಬಳಿ ಉಂಟು, ಗೋಡೆ ಸ್ವಲ್ಪ ಒಸರುತ್ತದೆ, ಆ ಕಡೆ ನಾನು ಮಲಗುತ್ತೇನೆ. ಫಾರೆಸ್ಟಿನವರ ಒಪ್ಪಿಗೆ ನೀನು ಮೊದಲೇ ತೆಗೆದಿಟ್ಟುಕೋ, ಕಾಗದದಲ್ಲಿ ಸೀಲು ಹಾಕಿಸಿಕೊಂಡೇ ಬಾ, ಬಾಯಿಮಾತು ಬೇಡ. ಉದ್ದ ಸಾಕ್ಸ್ ಎರಡು ಜೊತೆ ತಾ. ಜಿಗಣೆಗೆ ಹೊಗೆಸೊಪ್ಪು ನಾನು ನೆನೆ ಹಾಕಿರುತ್ತೇನೆ. ಬಣ್ಣದ ಕೊಡೆ ಬೇಡ, ಕಪ್ಪು ತಾ. ಸೆಂಟು ಹಾಕಿಕೊಳ್ಳಬೇಡ. ರೊಟ್ಟಿ ತಿನ್ನುತ್ತೀಯೋ, ಅನ್ನವೇ ಬೇಕೋ, ಮೊದಲೇ ಬರೆ.

ದಿನಾ ಆರಕ್ಕೆ ಹೊರಡೋಣ. ಎಲೆ ನೀನು ಕೀಳು, ನಾನು ಎಣಿಸುತ್ತೇನೆ, ಚೀಟಿಯಲ್ಲಿ ಇಬ್ಬರ ಹೆಸರೂ ಇರಲಿ. ಹೆದರಿಕೆ ನನಗೂ ಹೋಗಿಲ್ಲ. ಅದು ಹೋಗುವವರೆಗೆ ಕಾಯುತ್ತ ಕೂತರೆ ಆಗುವುದಿಲ್ಲ ಎನ್ನುವುದು ಮಾತ್ರ ಈಗ ಗೊತ್ತು.

ನವೆಂಬರಿನಲ್ಲಿ ಒಬ್ಬಳೇ ಹೋದಾಗಿನ ಒಂದು ವಿಷಯ ನಿನಗೆ ಬರೆದಿರಲಿಲ್ಲ. ಬರುವ ಮೊದಲು ತಿಳಿದಿರುವುದು ಒಳ್ಳೆಯದು. ದಾರಿಯುದ್ದಕ್ಕೂ ನಮ್ಮ ಮುಂದೆ, ಒಂದು ತಿರುವಿನಷ್ಟು ದೂರದಲ್ಲಿ, ಹೆಜ್ಜೆಯ ಸಪ್ಪಳ ಇರುತ್ತದೆ. ನಿಧಾನದ ಹೆಜ್ಜೆ. ನಾವು ನಿಂತರೆ ಅದೂ ನಿಲ್ಲುತ್ತದೆ. ನೀನು ಹೆಸರು ಹಿಡಿದು ಕರೆಯಬೇಡ, ಓಡಿ ಹೋಗಿ ನೋಡಬೇಡ, ವಾಪಸ್ ಹೋಗೋಣ ಎಂದು ನನ್ನ ಕೈ ಎಳೆಯಬೇಡ. ಸ್ವಲ್ಪ ಗಟ್ಟಿಯಾಗಿ ಕಾಲು ಹಾಕಿ ನಡೆ, ಅಷ್ಟೇ. ಹಿಂದಿನಿಂದ ಬರುತ್ತಿದ್ದೇವೆ ಎಂದು ಅವಳಿಗೆ ಕೇಳಿಸಬೇಕು.

ನೀಲಕ್ಕ